ಕ್ಲಬ್ಬಿನ ಪ್ರಚಾರಕ್ಕೆ ದುಡ್ಡು ಎತ್ತುವ ಕೈಪಿಡಿ

ಅಭಿನಂದನೆಗಳು. ಪದಗ್ರಹಣ ಸಮಾರಂಭದಲ್ಲಿ ನಿಮ್ಮ ಹೆಗಲಿಗೆ ಶಾಲು ಬಿದ್ದಿದೆ, ಎದೆಯ ಮೇಲೆ ಪಿನ್ನು ಕೂತಿದೆ, ಕೈಗೆ ಹಣ್ಣಿನ ಬುಟ್ಟಿ ಬಂದಿದೆ. ಇಂದಿನಿಂದ ನೀವು ನಿಮ್ಮ ತಾಲ್ಲೂಕು ಕೇಂದ್ರದ ಸೇವಾ ಕ್ಲಬ್ಬಿನ ಪಬ್ಲಿಕ್ ಇಮೇಜ್ ಚೇರ್ಮನ್. ಈ ಹುದ್ದೆ ನಿಮಗೇ ಏಕೆ ಬಂತು ಎಂದು ಕೆದಕಬೇಡಿ. ಖಜಾಂಚಿ ಕೆಲಸ ಬ್ಯಾಂಕಿನಿಂದ ನಿವೃತ್ತರಾದವರಿಗೆ ಹೋಯಿತು, ಕಾರ್ಯದರ್ಶಿ ಕೆಲಸ ಬೇಡವೆನ್ನಲು ಬಾರದವರಿಗೆ ಹೋಯಿತು, ಸಭೆಯಲ್ಲಿ ಶಿಸ್ತು ಕಾಯುವ ದಂಡಪಾಣಿ ಪಟ್ಟ ಗಟ್ಟಿ ಗಂಟಲಿನವರಿಗೆ ಹೋಯಿತು. ನಿಮ್ಮ ಫೋನಿನಲ್ಲಿ ಫೋಟೊ ಚೆನ್ನಾಗಿ ಬರುತ್ತದೆ ಎಂದು ಯಾರೋ ಅಂದರು, ಅಷ್ಟೇ.

ಹೊಸ ಮಿಕ್ಸಿ ಕೊಂಡವರೂ ಕೈಪಿಡಿ ಓದುವುದಿಲ್ಲ ಎಂಬುದು ಗೊತ್ತಿದ್ದೂ ಇದನ್ನು ಬರೆಯಲಾಗಿದೆ. ರೋಟರಿ, ಲಯನ್ಸ್, ಇನ್ನರ್ ವ್ಹೀಲ್ ಮಾದರಿಗಳಿಗೆ ನೇರವಾಗಿ ಹೊಂದುತ್ತದೆ. ಅವುಗಳ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಜೇಸಿಗಳ ವರ್ಷ ಜನವರಿಗೆ ಶುರು, ಅವರು ತಿಂಗಳು ಬದಲಿಸಿ ಓದಿಕೊಳ್ಳಲಿ.

ಪೆಟ್ಟಿಗೆಯಲ್ಲಿ ಏನೇನಿದೆ

ಹಿಂದಿನ ಚೇರ್ಮನ್ನರು ನಿಮಗೆ ಹಸ್ತಾಂತರಿಸುವ ಸಾಮಗ್ರಿ ಹೀಗಿರುತ್ತದೆ. ಸುರುಳಿ ಸುತ್ತಿದ ಮೂರು ಫ್ಲೆಕ್ಸು: ಎರಡರಲ್ಲಿ ಕ್ಲಬ್ಬುಗಳ ಹಳೆಯ ಜಿಲ್ಲಾ ಗವರ್ನರ್ ಮುಖವಿದೆ, ಬಳಸುವಂತಿಲ್ಲ, ಮೂರನೆಯದು ಸದಸ್ಯರೊಬ್ಬರ ಮನೆಯಲ್ಲಿ ಸೌದೆ ಒಟ್ಟಿಲನ್ನು ಮಳೆಯಿಂದ ಕಾಯುತ್ತಿದೆ. ಅರ್ಧ ಹರಿದ ರಸೀದಿ ಪುಸ್ತಕ. ಒಂದು ಕಾಲು ಮುರಿದ ಸ್ಟ್ಯಾಂಡಿ. ಬೆಳಗ್ಗೆ ಐದಕ್ಕೇ ಶುಭೋದಯದ ಗುಲಾಬಿ ಬಂದು ಬೀಳುವ ವಾಟ್ಸ್‌ಆ್ಯಪ್ ಗುಂಪು. ಫ್ಲೆಕ್ಸ್ ಅಂಗಡಿಯ ಬಾಕಿ. ಈ ಕೊನೆಯದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅಂಗಡಿಯವನೇ ಬಂದು ಹೇಳುತ್ತಾನೆ.

ದುಡ್ಡು ಪೆಟ್ಟಿಗೆಯಲ್ಲಿಲ್ಲ. ಅದನ್ನು ಪ್ರತ್ಯೇಕವಾಗಿ ಹೊಂದಿಸಿಕೊಳ್ಳಬೇಕು.

ಚಾಲೂ ಮಾಡುವ ಮುನ್ನ: ಯಾವ ಜೇಬಿಗೆ ಕೈ ಹಾಕುತ್ತಿದ್ದೀರಿ?

ಇದೊಂದು ಭಾಗವನ್ನಾದರೂ ಓದಿ. ಉಳಿದದ್ದನ್ನು ಬಿಟ್ಟರೆ ಯಂತ್ರ ನಿಧಾನವಾಗಿ ಓಡುತ್ತದೆ, ಇದನ್ನು ಬಿಟ್ಟರೆ ಸುಟ್ಟುಹೋಗುತ್ತದೆ.

ಲಯನ್ಸ್ ಕ್ಲಬ್ಬಿನಲ್ಲಿ ಎರಡು ಖಾತೆ ಇರುತ್ತವೆ. ಸದಸ್ಯರ ಚಂದಾದಿಂದ ತುಂಬುವ ಆಡಳಿತ ಖಾತೆ ಒಂದು. ಊರಿನ ಜನರಿಂದ ಎತ್ತಿದ ಹಣದ ಸೇವಾ ಖಾತೆ ಇನ್ನೊಂದು. ಜನರಿಂದ ಬಂದದ್ದು ಜನರಿಗೇ ಹೋಗಬೇಕೆಂಬುದು ಅಂತರರಾಷ್ಟ್ರೀಯ ಸಂಸ್ಥೆಯ ಕಟ್ಟುನಿಟ್ಟಿನ ನಿಯಮ. ಸಂಗೀತ ಸಂಜೆ ಇಟ್ಟು ಟಿಕೆಟ್ ಮಾರಿದರೆ ಆ ಸಂಜೆಯ ನೇರ ಖರ್ಚನ್ನು ಕಳೆದುಕೊಳ್ಳಬಹುದು. ಮಿಕ್ಕದ್ದರಲ್ಲಿ ಅಧ್ಯಕ್ಷರ ಹುಟ್ಟುಹಬ್ಬದ ಜಾಹೀರಾತು ಕೊಡುವಂತಿಲ್ಲ. ಎರಡು ಖಾತೆಗಳ ನಡುವೆ ಇರುವುದು ಗೋಡೆ. ಅದರಲ್ಲಿ ಬಾಗಿಲು ಇದೆಯೆಂದು ಹೇಳುವ ಹಿರಿಯ ಸದಸ್ಯರು ಪ್ರತಿ ಕ್ಲಬ್ಬಿನಲ್ಲೂ ಒಬ್ಬರಿರುತ್ತಾರೆ. ಅವರಿಗೆ ಕಾಫಿ ಕೊಡಿ, ಬೀಗದ ಕೈ ಕೊಡಬೇಡಿ.

ರೋಟರಿಯವರ ಕಣ್ಣು ಫೌಂಡೇಷನ್ ಮೇಲಿರುತ್ತದೆ. 26 ಡಾಲರ್ 50 ಸೆಂಟ್‌ನ ಮೊದಲ ದೇಣಿಗೆಯಿಂದ ಶುರುವಾದ ನಿಧಿ ಅದು. ಈಗ ಸದಸ್ಯರು ವಾರ್ಷಿಕ ನಿಧಿಗೆ ಕೊಟ್ಟ ಹಣ ಮೂರು ವರ್ಷ ಹೂಡಿಕೆಯಲ್ಲಿದ್ದು, ಅದರ ಸುಮಾರು ಅರ್ಧ ಭಾಗ ರೋಟರಿ ಜಿಲ್ಲೆಯ ಕೈಗೆ ಮರಳುತ್ತದೆ. ಅದರಿಂದ ಕ್ಲಬ್ಬುಗಳಿಗೆ ಗ್ರ್ಯಾಂಟ್ ಸಿಗುತ್ತದೆ. ‘ನಮ್ಮದೇ ದುಡ್ಡು, ಬ್ಯಾನರಿಗೆ ಹಾಕಿದರೇನು?’ ಎನ್ನುವವರು ನಿಯಮಾವಳಿ ಓದಬೇಕು. ಯೋಜನೆ ನಡೆಯಲು ಅತ್ಯಗತ್ಯವಲ್ಲದ ಪ್ರಚಾರಕ್ಕೆ ಗ್ರ್ಯಾಂಟ್ ಹಣ ಬಳಸುವಂತಿಲ್ಲ, ಯೋಜನೆಯ ಜಾಗದಲ್ಲಿ ನೆಡುವ ಫಲಕದ ಖರ್ಚಿಗೂ ಮಿತಿ ಇದೆ. ಶುದ್ಧ ನೀರಿನ ಘಟಕಕ್ಕಿಂತ ಅದರ ನಾಮಫಲಕ ದೊಡ್ಡದಾಗಿರುವುದನ್ನು ನೋಡಿದವರೇ ಯಾರೋ ಕೂತು ಈ ಮಾತು ಸೇರಿಸಿರಬೇಕು.

ಇನ್ನು ಕಂಪನಿಗಳ ಸಿಎಸ್‌ಆರ್. ‘ಸಿಎಸ್‌ಆರ್ ಹಿಡಿಯೋಣ ಸಾರ್’ ಎಂಬ ಸಲಹೆ ನಿಮ್ಮ ಮೊದಲ ಸಭೆಯಲ್ಲೇ ಬರುತ್ತದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ ಪ್ರಕಾರ 500 ಕೋಟಿ ನಿವ್ವಳ ಮೌಲ್ಯ, 1,000 ಕೋಟಿ ವಹಿವಾಟು, ಇಲ್ಲವೇ 5 ಕೋಟಿ ನಿವ್ವಳ ಲಾಭ, ಈ ಮೂರರಲ್ಲಿ ಒಂದಿರುವ ಕಂಪನಿ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದಲ್ಲಿ ಶೇ 2ರಷ್ಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ನಿಮ್ಮ ತಾಲ್ಲೂಕಿನಲ್ಲಿ ಅಂಥ ಕಂಪನಿ ಇಲ್ಲ. ಇರುವುದು ಅಕ್ಕಿ ಗಿರಣಿ, ಹಾಲೊಬ್ಲಾಕ್ ಕಾರ್ಖಾನೆ, ಎರಡು ಕಲ್ಯಾಣ ಮಂಟಪ. ಪಕ್ಕದ ಜಿಲ್ಲೆಯಲ್ಲಿ ಇದೆಯೆನ್ನಿ. ಅವರ ಬಾಗಿಲಿಗೆ ಹೋದರೆ ಮೊದಲು ನಿಮ್ಮ ಟ್ರಸ್ಟಿನ ಸಿಎಸ್‌ಆರ್-1 ನೋಂದಣಿ ಸಂಖ್ಯೆ ಕೇಳುತ್ತಾರೆ. ಆಮೇಲೆ ನಗುತ್ತಾ ಹೇಳುತ್ತಾರೆ: ಮ್ಯಾರಥಾನ್, ಪ್ರಶಸ್ತಿ ಪ್ರದಾನ, ಜಾಹೀರಾತಿನಂಥ ಒಂದು ದಿನದ ಖರ್ಚು ಲೆಕ್ಕಕ್ಕೆ ಬರುವುದಿಲ್ಲವೆಂದು ಕೇಂದ್ರ ಸರ್ಕಾರ 2014ರ ಜೂನ್ ಸುತ್ತೋಲೆಯಲ್ಲೇ ತಿಳಿಸಿದೆ. ತನ್ನ ಸರಕಿಗೆ ಮಾರುಕಟ್ಟೆ ಸಿಗಲೆಂದು ಮಾಡುವ ಪ್ರಾಯೋಜಕತ್ವವನ್ನು 2021ರ ತಿದ್ದುಪಡಿ ಹೊರಗಿಟ್ಟಿದೆ. ಚಹಾ ಕುಡಿದು ಬನ್ನಿ.

ಮೂರು ಬಾಗಿಲು ತಟ್ಟಿ ಬಂದ ಮೇಲೆ ಅಧ್ಯಕ್ಷರು ಕೇಳುತ್ತಾರೆ, ‘ಹಾಗಾದರೆ ಪ್ರಚಾರಕ್ಕೆ ದುಡ್ಡು ಎಲ್ಲಿಂದ ಬರಬೇಕು?’ ಅದಕ್ಕೆ ಮೊದಲು, ಯಾವ ಪ್ರಚಾರಕ್ಕೆ ಎಂದು ಕೇಳಿಕೊಳ್ಳಬೇಕು. ರೋಗಿಯನ್ನು ಶಿಬಿರಕ್ಕೆ ಕರೆತರುವ ಪ್ರಚಾರ ಒಂದಿದೆ. ಅಧ್ಯಕ್ಷರನ್ನು ಪೇಪರಿಗೆ ಕರೆದೊಯ್ಯುವ ಪ್ರಚಾರ ಇನ್ನೊಂದಿದೆ. ಮೊದಲನೆಯದು ಸೇವೆಯದೇ ಭಾಗ, ಊರಿನ ಹಣ ಅದಕ್ಕೆ ಧಾರಾಳವಾಗಿ ಹೋಗಲಿ. ಎರಡನೆಯದಕ್ಕೆ ಪದಾಧಿಕಾರಿಗಳು ತಮ್ಮ ಜೇಬಿಗೇ ಕೈ ಹಾಕಲಿ. ಮೇಲಿನ ನಿಯಮಗಳೆಲ್ಲ ಬೇರೆ ಬೇರೆ ಭಾಷೆಯಲ್ಲಿ ಹೇಳುತ್ತಿರುವುದು ಇದನ್ನೇ. ನಮ್ಮ ಕ್ಲಬ್ಬುಗಳ ತಾಪತ್ರಯವೆಲ್ಲ ಎರಡನೆಯದರ ಬಿಲ್ಲನ್ನು ಮೊದಲನೆಯದರ ರಸೀದಿ ಪುಸ್ತಕದಲ್ಲಿ ತೀರಿಸಲು ಹೋಗುವುದರಿಂದ ಬಂದದ್ದು.

ಸ್ಮರಣ ಸಂಚಿಕೆ ಎಂಬ ಯಂತ್ರ

ದುಡ್ಡು ಹುಟ್ಟಿಸಲು ನಮ್ಮವರು ಕಂಡುಕೊಂಡ ಅತ್ಯಂತ ಹಳೆಯ, ಇನ್ನೂ ಓಡುತ್ತಿರುವ ಯಂತ್ರ ಇದು. ಬೆಳ್ಳಿಹಬ್ಬವಿರಲಿ, ಗವರ್ನರ್ ಭೇಟಿಯಿರಲಿ, ಏನೂ ಇಲ್ಲದಿರಲಿ, ಸ್ಮರಣ ಸಂಚಿಕೆ ತರಬಹುದು. ಏನನ್ನು ಸ್ಮರಿಸುತ್ತಿದ್ದೇವೆ ಎಂದು ಈವರೆಗೆ ಯಾರೂ ಕೇಳಿಲ್ಲ.

ಚಲಾಯಿಸುವ ಕ್ರಮ. ಮೊದಲು ದರಪಟ್ಟಿ ಅಚ್ಚು ಹಾಕಿಸಿ: ಹಿಂಬದಿ ರಕ್ಷಾಪುಟ, ಒಳರಕ್ಷಾಪುಟ, ಬಣ್ಣದ ಪೂರ್ತಿ ಪುಟ, ಕಪ್ಪುಬಿಳುಪಿನ ಅರ್ಧ, ಕಾಲು. ಒಬ್ಬರೇ ಹೋಗಬೇಡಿ, ಮೂವರು ಹೋಗಿ: ಒಬ್ಬರು ಅಂಗಡಿಯವರ ನೆಂಟರು, ಒಬ್ಬರು ಅವರಿಗೆ ಸಾಲ ಕೊಟ್ಟ ಬ್ಯಾಂಕಿನವರು, ಮೂರನೆಯವರು ರಸೀದಿ ಬರೆಯಲು. ಬೆಳಗ್ಗೆ ಹೋಗಬೇಡಿ. ಬೋಣಿ ಆಗದ ಅಂಗಡಿಯಲ್ಲಿ ದೇಣಿಗೆ ಕೇಳುವವರನ್ನು ನಮ್ಮ ವರ್ತಕರು ಏಳು ಜನ್ಮ ಮರೆಯುವುದಿಲ್ಲ. ಸಂಜೆ ದೀಪ ಹಚ್ಚುವ ಹೊತ್ತೂ ಬೇಡ, ಲಕ್ಷ್ಮಿ ಒಳಗೆ ಬರುವ ವೇಳೆಯಲ್ಲಿ ನೀವು ಎದುರಾಗಬಾರದು. ಮಧ್ಯಾಹ್ನ ಊಟ ಮುಗಿಸಿ, ಫ್ಯಾನಿನಡಿ ಕೂತು, ಗಿರಾಕಿಯಿಲ್ಲದೆ ಮಾತಿಗೆ ಜನ ಬೇಕೆನಿಸುವ ಮೂರರಿಂದ ನಾಲ್ಕರ ನಡುವಿನ ಒಂದು ತಾಸು ಇದಕ್ಕೆಂದೇ ಇದೆ.

ಬಂಗಾರದಂಗಡಿಯವರು ಹಿಂಬದಿ ರಕ್ಷಾಪುಟ ಕೇಳುತ್ತಾರೆ. ಅದನ್ನು ಸಹಕಾರಿ ಬ್ಯಾಂಕಿಗೆ ಈಗಾಗಲೇ ಮಾತು ಕೊಟ್ಟಿರುತ್ತೀರಿ. ಒಂದೇ ಹಿಂಬದಿ ಪುಟವನ್ನು ಇಬ್ಬರಿಗೂ ಮಾರಿ, ಒಬ್ಬರಿಗೆ ‘ಬೈಂಡಿಂಗಿನಲ್ಲಿ ಒಳಗೆ ಹೋಗಿಬಿಟ್ಟಿತು’ ಎಂದು ಹೇಳಿದ ಸಂಪಾದಕರು ನಮ್ಮಲ್ಲಿ ಆಗಿಹೋಗಿದ್ದಾರೆ. ನೀವು ಹಾಗೆ ಮಾಡಬೇಡಿ, ಬಂಗಾರದ ಅಂಗಡಿಗೆ ನಿಮ್ಮ ಮನೆಯವರೂ ಹೋಗುವವರೇ. ದುಡ್ಡು ಕೊಟ್ಟರೂ ಹೆಸರು ಬೇಡವೆನ್ನುವವರು ಕೆಲವರಿರುತ್ತಾರೆ: ಆದಾಯ ತೆರಿಗೆಯ ಭಯ, ಇಲ್ಲವೇ ಉಳಿದ ಸಂಘಗಳವರೂ ಬಂದಾರೆಂಬ ಭಯ. ಅವರಿಗಾಗಿ ‘ಶುಭ ಕೋರುವವರು: ಹಿತೈಷಿಗಳು’ ಎಂಬ ಪುಟ ಮೀಸಲು. ಪ್ರತಿ ಸ್ಮರಣ ಸಂಚಿಕೆಯಲ್ಲೂ ಈ ಹಿತೈಷಿಗಳು ನಾಲ್ಕೈದು ಪುಟ ಹಿಡಿದಿರುತ್ತಾರೆ. ನನ್ನ ಪ್ರಕಾರ ಊರಿನಲ್ಲಿ ನಿಜವಾದ ದಾನಿಗಳು ಅವರೇ.

ಲೆಕ್ಕದ ವಿಚಾರವನ್ನು ಅಂಗಡಿಯವರಿಗೆ ನೇರವಾಗಿ ಹೇಳಿ. ಜಾಹೀರಾತು ಕೊಟ್ಟರೆ ಅದು ಅವರ ವ್ಯಾಪಾರದ ಖರ್ಚು. ದೇಣಿಗೆ ಕೊಟ್ಟರೆ ಆದಾಯ ತೆರಿಗೆಯ 80ಜಿ ವಿನಾಯಿತಿಯ ಮಾತು ಬರುತ್ತದೆ, ಮತ್ತು ಆ ಮಾನ್ಯತೆ ಸಾಮಾನ್ಯವಾಗಿ ಇರುವುದು ಕ್ಲಬ್ಬಿಗಲ್ಲ, ಕ್ಲಬ್ಬು ಕಟ್ಟಿಕೊಂಡ ಟ್ರಸ್ಟಿಗೆ. 2,000 ರೂಪಾಯಿ ಮೀರಿದ ನಗದು ದೇಣಿಗೆಗೆ ಆ ವಿನಾಯಿತಿಯೂ ಇಲ್ಲ. ಜಾಹೀರಾತಿಗೆ ದೇಣಿಗೆಯ ರಸೀದಿ ಕೊಡುವುದು, ದೇಣಿಗೆಗೆ ಜಾಹೀರಾತಿನ ಬಿಲ್ಲು ಕೊಡುವುದು, ಎರಡೂ ಒಂದು ದಿನ ಆಡಿಟರ್ ಮುಂದೆ ಕೂತು ನಿಮ್ಮ ಮುಖ ನೋಡುತ್ತವೆ.

ಜಾಹೀರಾತುಗಳ ನಡುವೆ ತುಂಬಲು ಬರಹ ಬೇಕು. ಸಚಿವರ ಸಂದೇಶ, ಶಾಸಕರ ಸಂದೇಶ, ಗವರ್ನರ್ ಸಂದೇಶ: ಮೂರರ ಕರಡನ್ನೂ ನೀವೇ ಬರೆದು ಕಳಿಸಬೇಕಾಗುತ್ತದೆ, ಆದ್ದರಿಂದ ಮೂರರಲ್ಲೂ ‘ಸಮಾಜಮುಖಿ’ ಪದ ಇರದಂತೆ ನೋಡಿಕೊಳ್ಳಿ. ಊರಿನ ವೈದ್ಯರಿಂದ ಸಕ್ಕರೆ ಕಾಯಿಲೆಯ ಲೇಖನ, ನಿವೃತ್ತ ಮೇಷ್ಟರಿಂದ ಊರಿನ ಇತಿಹಾಸ. ಈ ಕೊನೆಯದು ಚೆನ್ನಾಗಿರುತ್ತದೆ, ಬೇರೆಲ್ಲೂ ಸಿಗುವುದಿಲ್ಲ. ಅದಕ್ಕಾಗಿಯಾದರೂ ಸಂಚಿಕೆ ಬರಲಿ ಎಂದು ನನಗನಿಸುವುದುಂಟು.

ಎಷ್ಟು ಪ್ರತಿ ಅಚ್ಚು ಹಾಕಿಸಬೇಕು? ಜಾಹೀರಾತುದಾರನಿಗೆ ಐನೂರು ಪ್ರತಿಯೆಂದು ಹೇಳಿದ್ದರೆ ಐನೂರೇ. ಎಷ್ಟು ಜಾಹೀರಾತೋ ಅಷ್ಟೇ ಪ್ರತಿ ಹಾಕಿಸಿ, ಒಬ್ಬೊಬ್ಬರಿಗೂ ಅವರದನ್ನು ಕೊಟ್ಟು ಕೈತೊಳೆದುಕೊಳ್ಳುವ ಜಾಣತನ ಚಾಲ್ತಿಯಲ್ಲಿದೆ. ಜಾಹೀರಾತುದಾರ ತನ್ನ ಪುಟವನ್ನು ಮಾತ್ರ ನೋಡುತ್ತಾನೆ, ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದೆಯೆಂದು ಮಾತ್ರ ಹೇಳುತ್ತಾನೆ ಎಂಬ ಧೈರ್ಯ. ಉಳಿದ ನಾನೂರು ಪ್ರತಿ ಎಲ್ಲಿ ಹೋದವು ಎಂದು ಅವನು ಕೇಳಲಿಕ್ಕಿಲ್ಲ. ಮುಂದಿನ ವರ್ಷ ಮೂರು ಗಂಟೆಗೆ ನೀವು ಹೋದಾಗ ಅವನು ಊಟಕ್ಕೆ ಹೋಗಿರುತ್ತಾನೆ.

ಫ್ಲೆಕ್ಸ್: ಅಳತೆ ಮತ್ತು ಅಪಾಯ

ಇಪ್ಪತ್ತು ಅಡಿ ಅಗಲ, ಹತ್ತು ಅಡಿ ಎತ್ತರ. ಒಟ್ಟು 200 ಚದರ ಅಡಿ. ಇದರಲ್ಲಿ ಅಧ್ಯಕ್ಷರು ಆಳೆತ್ತರ, ಕಾರ್ಯದರ್ಶಿ ಸೊಂಟದವರೆಗೆ, ಖಜಾಂಚಿ ಎದೆಯವರೆಗೆ, ನಿರ್ದೇಶಕರು ಅಂಚೆಚೀಟಿ ಗಾತ್ರದಲ್ಲಿ ಕೆಳಗೆ ಸಾಲಾಗಿ. ಮೇಲೆ ಬಲಗಡೆ ಗವರ್ನರ್, ಎಡಗಡೆ ಲಾಂಛನ, ನಡುವೆ ‘ಹಾರ್ದಿಕ ಸುಸ್ವಾಗತ’. ಎಲ್ಲ ಮುಗಿದು ಉಳಿದ ಜಾಗದಲ್ಲಿ ‘ರಕ್ತದಾನ ಶಿಬಿರ’ ಎಂಬ ಎರಡು ಪದ, ದಿನಾಂಕವಿಲ್ಲದೆ. ಇಂಥ ಫ್ಲೆಕ್ಸಿನ ಬಿಲ್ಲು ಬಂದಾಗ ಅಳತೆಪಟ್ಟಿ ತೆಗೆದುಕೊಳ್ಳಿ. ಮುಖಗಳು ಎಷ್ಟು ಚದರ ಅಡಿ, ಮಾಹಿತಿ ಎಷ್ಟು ಚದರ ಅಡಿ ಎಂದು ಬೇರೆ ಬೇರೆ ಅಳೆಯಿರಿ. ಮುಖದ ಪಾಲಿನ ಹಣವನ್ನು ಮುಖವಿರುವವರಿಂದ ವಸೂಲು ಮಾಡಿ. ಅಧ್ಯಕ್ಷರು ಮೊದಲ ಸಲ ಬೇಸರಪಟ್ಟುಕೊಂಡಾರು; ಮುಂದಿನ ಸಲ ತಮ್ಮ ಫೋಟೊವನ್ನು ತಾವೇ ಚಿಕ್ಕದು ಮಾಡಿಸುತ್ತಾರೆ.

ಲಾಂಛನದ ಮೇಲೆ ಕಣ್ಣಿರಲಿ. ರೋಟರಿ ಚಕ್ರಕ್ಕೆ 24 ಹಲ್ಲು, 6 ಅರ, ನಡುವಿನ ತೂತಿನಲ್ಲಿ ಅಚ್ಚಿಗೆ ಬಿಗಿಯುವ ಒಂದು ಕಚ್ಚು. ಆ ಕಚ್ಚು ಇದ್ದರೆ ಮಾತ್ರ ಚಕ್ರ ಕೆಲಸ ಮಾಡುತ್ತದೆ, ಇಲ್ಲದಿದ್ದರೆ ಸುಮ್ಮನೆ ತಿರುಗುತ್ತದೆ. ಅದಕ್ಕೇ 1920ರ ದಶಕದಲ್ಲಿ ಅದನ್ನು ಸೇರಿಸಿದರು. ಡಿಟಿಪಿ ಹುಡುಗ ಗೂಗಲ್‌ನಿಂದ ಎಳೆದು ಹಾಕುವ ಚಕ್ರದಲ್ಲಿ ಕೆಲವೊಮ್ಮೆ ಈ ಕಚ್ಚು ಇರುವುದಿಲ್ಲ. ಕೆಲವು ಕ್ಲಬ್ಬುಗಳ ಮಟ್ಟಿಗೆ ಅದು ತಪ್ಪೆಂದು ಹೇಳಲು ಬರುವುದಿಲ್ಲ.

ಅಪಾಯದ ಸೂಚನೆ. ನೀವು ಸರ್ಕಲ್ಲಿನಲ್ಲಿ ಕಟ್ಟಿಸಲು ಹೊರಟಿರುವ ಈ ವಸ್ತುವನ್ನು ಕರ್ನಾಟಕ ಸರ್ಕಾರ 2016ರ ಮಾರ್ಚ್‌ನಲ್ಲಿ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟಗಳ ಜೊತೆಗೇ ನಿಷೇಧಿಸಿದೆ. 1981ರಿಂದ ತೆರೆದ ಸ್ಥಳಗಳ ವಿರೂಪ ತಡೆಯುವ ಕಾಯ್ದೆಯೂ ರಾಜ್ಯದಲ್ಲಿದೆ. ಜೈಲು, ದಂಡ ಎರಡಕ್ಕೂ ಅದರಲ್ಲಿ ಅವಕಾಶವಿದೆ. 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಗದರಿಸಿದ ಮೇಲೆ ಬೆಂಗಳೂರು ಪಾಲಿಕೆಯವರು ರಾಶಿ ರಾಶಿ ಫ್ಲೆಕ್ಸ್ ಇಳಿಸಿ ಲಾರಿಗೆ ತುಂಬಿದ್ದನ್ನು ಎಲ್ಲರೂ ಟಿ.ವಿ.ಯಲ್ಲಿ ನೋಡಿದ್ದೇವೆ. ‘ಪರಿಸರ ದಿನಾಚರಣೆಗೆ ಸ್ವಾಗತ’ ಎಂದು ಪ್ಲಾಸ್ಟಿಕ್ಕಿನ ಮೇಲೆ ಅಚ್ಚು ಹಾಕಿಸುವ ಮುನ್ನ ಒಮ್ಮೆ ಬಟ್ಟೆಯ ಬ್ಯಾನರ್ ಬರೆಯುವ ಕಲಾವಿದರು ಊರಿನಲ್ಲಿ ಉಳಿದಿದ್ದಾರೆಯೇ ವಿಚಾರಿಸಿ. ಇದ್ದರೆ ಅವರಿಗೆ ಕೆಲಸ ಕೊಡಿ. ಅದೂ ಸೇವೆಯೇ, ಅದಕ್ಕೆ ಪ್ರತ್ಯೇಕ ಸಮಾರಂಭ ಬೇಕಿಲ್ಲ.

ಪತ್ರಿಕೆ

ಪತ್ರಿಕೆಯಲ್ಲಿ ಎರಡು ಬಗೆಯ ಜಾಗವಿದೆ. ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಳ್ಳುವುದು ಒಂದು, ಸುದ್ದಿಯಾಗಿ ಪುಕ್ಕಟೆ ಬರುವುದು ಇನ್ನೊಂದು. ಇವೆರಡರ ನಡುವೆ ಮೂರನೆಯದೊಂದಿದೆ, ಅದು ಕವರಿನಲ್ಲಿ ಹೋಗುತ್ತದೆ. ಅದನ್ನು ಈ ಕೈಪಿಡಿ ಬೆಂಬಲಿಸುವುದಿಲ್ಲ. ಪತ್ರಿಕಾಗೋಷ್ಠಿಗೆ ಬಂದವರಿಗೆ ಇಡ್ಲಿ ವಡೆ ಕೊಡಿ, ಸಾಕು.

ಪುಕ್ಕಟೆ ಸುದ್ದಿ ಬೇಕಾದರೆ ಸುದ್ದಿ ಇರಬೇಕು. ‘ಅಧ್ಯಕ್ಷತೆ ವಹಿಸಿದ್ದರು, ಉಪಸ್ಥಿತರಿದ್ದರು, ಪ್ರಾರ್ಥಿಸಿದರು, ಸ್ವಾಗತಿಸಿದರು, ನಿರೂಪಿಸಿದರು, ವಂದಿಸಿದರು’ ಎಂದು ಆರು ಕ್ರಿಯಾಪದ ಸೇರಿಸಿದರೆ ಸುದ್ದಿಯಾಗುವುದಿಲ್ಲ. ಅದರ ಬದಲು, ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್‌ಗೆ ಬರುವವರು ಬಸ್ಸಿಗಾಗಿ ಎಷ್ಟು ಹೊತ್ತು ಕಾಯುತ್ತಾರೆ, ಅವರಿಗಾಗಿ ಕ್ಲಬ್ಬು ಏನು ಮಾಡಿತು ಎಂದು ನಾಲ್ಕು ಸಾಲು ಬರೆಯಿರಿ. ಉಪಸಂಪಾದಕ ತಾನಾಗಿ ಫೋನ್ ಮಾಡುತ್ತಾನೆ.

ರೋಟರಿಯವರು ಪ್ರತಿ ಸಭೆಯಲ್ಲೂ ಓದುವ ನಾಲ್ಕು ಪ್ರಶ್ನೆಗಳ ಪರೀಕ್ಷೆ ಗೋಡೆಯ ಮೇಲಿರುತ್ತದಲ್ಲ, ಅದು ಹುಟ್ಟಿದ್ದು ದಿವಾಳಿ ಅಂಚಿನಲ್ಲಿದ್ದ ಒಂದು ಅಲ್ಯೂಮಿನಿಯಂ ಪಾತ್ರೆ ಕಂಪನಿಯಲ್ಲಿ. 1932ರಲ್ಲಿ, ಆರ್ಥಿಕ ಕುಸಿತದ ನಡುವೆ, ಆ ಕಂಪನಿಯ ಹೊಣೆ ಹೊತ್ತಿದ್ದ ಹರ್ಬರ್ಟ್ ಟೇಲರ್ ಅದನ್ನು ಬರೆದುಕೊಂಡರು. ಮೊದಲ ಪ್ರಶ್ನೆ, ಇದು ನಿಜವೇ ಎಂಬುದು. ಅದನ್ನು ತಮ್ಮ ಜಾಹೀರಾತಿಗೇ ಹಚ್ಚಿ ನೋಡಿ, ‘ಅತ್ಯುತ್ತಮ’, ‘ಅತಿ ಶ್ರೇಷ್ಠ’ ಮುಂತಾದ ಮಾತುಗಳನ್ನೆಲ್ಲ ಹೊಡೆದುಹಾಕಿಸಿದರಂತೆ. ಪ್ರಚಾರದ ಮೇಲೆ ಮೊದಲು ಪ್ರಯೋಗವಾದ ಪರೀಕ್ಷೆಯನ್ನು ನಾವು ಚೌಕಟ್ಟು ಹಾಕಿಸಿ ಪ್ರಚಾರಕ್ಕೇ ಬಳಸುತ್ತಿದ್ದೇವೆ. ‘ಸಾವಿರಾರು ಮಂದಿ ಭಾಗವಹಿಸಿದ್ದರು’ ಎಂದು ಬರೆಯುವಾಗ ಒಮ್ಮೆ ತಲೆಯೆತ್ತಿ ಗೋಡೆ ನೋಡಿ.

ಮಾದರಿ ಪ್ರಯೋಗ: ಕಣ್ಣಿನ ಶಿಬಿರ

1925ರಲ್ಲಿ ಅಮೆರಿಕದ ಓಹಿಯೊದಲ್ಲಿ ನಡೆದ ಲಯನ್ಸ್ ಸಮಾವೇಶದಲ್ಲಿ ಹೆಲನ್ ಕೆಲ್ಲರ್ ಕುರುಡುತನದ ವಿರುದ್ಧ ನಿಲ್ಲುವಂತೆ ಕೇಳಿಕೊಂಡಾಗಿನಿಂದ ಕಣ್ಣಿನ ಕೆಲಸ ಲಯನ್ಸ್‌ಗೆ ಅಂಟಿಕೊಂಡಿದೆ. ಕರ್ನಾಟಕದಲ್ಲಿ ಡಾ. ಎಂ.ಸಿ. ಮೋದಿ ಊರೂರು ಸುತ್ತಿ ದಿನಕ್ಕೆ ನೂರಾರು ಕಣ್ಣು ತೆರೆಸುತ್ತಿದ್ದ ಕಾಲದಿಂದ ‘ಕಣ್ಣಿನ ಕ್ಯಾಂಪು’ ಎಂದರೆ ಹಳ್ಳಿಯವರಿಗೆ ವಿವರಿಸಿ ಹೇಳಬೇಕಿಲ್ಲ. ಆದ್ದರಿಂದ ಇದನ್ನೇ ಮಾದರಿಯಾಗಿ ತೆಗೆದುಕೊಳ್ಳೋಣ.

ನಿಮ್ಮ ಗಿರಾಕಿ ಯಾರು? ಅರವತ್ತೈದು ದಾಟಿದ, ಎರಡೂ ಕಣ್ಣಿಗೆ ಪೊರೆ ಬಂದ, ಹೊಲದಂಚಿನ ಮನೆಯ ಅಜ್ಜಿ. ಅವಳಿಗಾಗಿ ನೀವು ಸರ್ಕಲ್ಲಿನಲ್ಲಿ ಕಟ್ಟಿಸಿದ್ದು 200 ಚದರ ಅಡಿಯ ಫ್ಲೆಕ್ಸ್. ಅದನ್ನು ಅವಳು ಓದಬಲ್ಲಳಾಗಿದ್ದರೆ ನಿಮ್ಮ ಶಿಬಿರದ ಅಗತ್ಯವೇ ಇರಲಿಲ್ಲ.

ಅವಳಿರುವಲ್ಲಿಗೆ ಸುದ್ದಿ ಕಿವಿಯ ಮೂಲಕ ಹೋಗಬೇಕು. ಹಾಲಿನ ಡೇರಿಗೆ ಹೋಗಿ. ಅಲ್ಲಿಗೆ ಆ ಮನೆಯಿಂದ ದಿನಕ್ಕೆ ಎರಡು ಸಲ ಯಾರಾದರೂ ಕ್ಯಾನು ಹಿಡಿದು ಬಂದೇ ಬರುತ್ತಾರೆ. ಹಾಲು ಅಳೆದು, ಡಿಗ್ರಿ ನೋಡಿ, ಚೀಟಿ ಹರಿದುಕೊಡುವ ಕಾರ್ಯದರ್ಶಿ ‘ನಿಮ್ಮವ್ವಗೆ ಕಣ್ಣು ಮಂಜು ಅಂತಿದ್ಯಲ್ಲ, ಮಂಗಳವಾರ ಕರ್ಕೊಂಡೋಗು’ ಎಂದರೆ ಸಾಕು, ಯಾವ ಜಿಲ್ಲಾ ಗವರ್ನರ್ ಬಾಯಿಂದಲೂ ಬಾರದ ತೂಕ ಆ ಮಾತಿಗಿದೆ. ಚೀಟಿಯ ಹಿಂಬದಿಯಲ್ಲಿ ತಾರೀಕು ಒತ್ತಲು ಒಂದು ರಬ್ಬರ್ ಸ್ಟ್ಯಾಂಪು ಮಾಡಿಸಿಕೊಡಿ. ಆಮೇಲೆ ನ್ಯಾಯಬೆಲೆ ಅಂಗಡಿ: ತಿಂಗಳ ಅಕ್ಕಿಗೆ ಸಾಲು ನಿಂತವರಿಗೆ ಕೇಳಲು ಬೇರೇನೂ ಇರುವುದಿಲ್ಲ. ಆಶಾ ಕಾರ್ಯಕರ್ತೆಯರಿಗೆ ಯಾವ ಮನೆಯಲ್ಲಿ ಯಾರ ಕಣ್ಣು ಎಷ್ಟು ಮಂಜೆಂದು ಬಾಯಿಪಾಠ. ಅವರಿಂದ ಪುಕ್ಕಟೆ ಕೆಲಸ ಮಾಡಿಸಿಕೊಂಡು ವೇದಿಕೆಯಲ್ಲಿ ಗುಲಾಬಿ ಕೊಡುವ ಬದಲು ಓಡಾಟದ ಖರ್ಚು ಕೊಡಿ.

ಸಂತೆಯ ದಿನ ಆಟೊಗೆ ಮೈಕು ಕಟ್ಟಿಸಿ. ಪೊಲೀಸ್ ಠಾಣೆಯ ಅನುಮತಿ ಬೇಕು, ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಮೈಕು ಹಾಕುವಂತಿಲ್ಲ. ಘೋಷಣೆ ಚಿಕ್ಕದಾಗಿರಲಿ, ಆಟೊ ಒಂದು ಮನೆ ದಾಟುವಷ್ಟರಲ್ಲಿ ಮುಗಿಯಬೇಕು. ಯಾವ ದಿನ, ಯಾವ ಶಾಲೆ, ಆಧಾರ್ ಮತ್ತು ಬಿಪಿಎಲ್ ಕಾರ್ಡು ತರಬೇಕು, ಬಿಪಿ-ಶುಗರ್ ಮಾತ್ರೆ ನುಂಗುವವರು ಅದರ ಚೀಟಿ ತರಬೇಕು, ಪೊರೆ ಇದ್ದವರನ್ನು ಆಸ್ಪತ್ರೆಗೆ ಕರೆದೊಯ್ದು ಆಪರೇಷನ್ ಮಾಡಿಸಿ ವಾಪಸು ಊರಿಗೆ ಬಿಡುತ್ತಾರೆ, ಒಬ್ಬರು ಜೊತೆಗೆ ಬರಬಹುದು. ಅಧ್ಯಕ್ಷರ ಹೆಸರಿಗೆ ಇದರಲ್ಲಿ ಜಾಗವಿಲ್ಲ. ಅಜ್ಜಿಗೆ ಬೇಕಿರುವುದು ವಾಪಸು ಬಿಡುತ್ತಾರೋ ಇಲ್ಲವೋ ಎಂಬುದೊಂದೇ.

ಇದಕ್ಕೆಲ್ಲ ಆದ ಖರ್ಚನ್ನು ಲೆಕ್ಕ ಹಾಕಿ: ಆಟೊ ಬಾಡಿಗೆ, ಮೈಕು, ರಬ್ಬರ್ ಸ್ಟ್ಯಾಂಪು, ಕರಪತ್ರ, ಆಶಾಗಳ ಬಸ್ ಚಾರ್ಜು. ಫ್ಲೆಕ್ಸಿನ ಬಿಲ್ಲಿನ ಪಕ್ಕ ಇಟ್ಟು ನೋಡಿ. ಈ ಖರ್ಚನ್ನು ಯಾವ ಖಾತೆಯಿಂದ ಕೊಟ್ಟರೂ ಯಾವ ಆಡಿಟರೂ ಹುಬ್ಬೇರಿಸುವುದಿಲ್ಲ, ಏಕೆಂದರೆ ಇದಿಲ್ಲದೆ ಶಿಬಿರವೇ ನಡೆಯುವುದಿಲ್ಲ. ದುಡ್ಡು ಕೇಳುವುದೂ ಸುಲಭ. ‘ಆಟೊ ಬಾಡಿಗೆ ನಿಮ್ಮದು’ ಎಂದು ಬೇಕರಿಯವರಿಗೆ ಹೇಳಿದರೆ ಬೋಣಿಗೆ ಮುಂಚೆಯೂ ಕೊಟ್ಟಾರು.

ದೊಡ್ಡ ಮಟ್ಟದಲ್ಲಿ ಓಡಿದ ಮಾದರಿ

ಇಂಥ ಪ್ರಚಾರ ಸಣ್ಣ ಊರಿಗೆ ಮಾತ್ರ ಎಂದುಕೊಳ್ಳಬೇಡಿ. ರೋಟರಿ 1985ರಲ್ಲಿ ಪೋಲಿಯೊ ವಿರುದ್ಧ ಹಣ ಎತ್ತಲು ಹೊರಟಿತು. 1988ರ ಹೊತ್ತಿಗೆ ಜಗತ್ತಿನ 125 ದೇಶಗಳಲ್ಲಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಮಕ್ಕಳು ಆ ರೋಗಕ್ಕೆ ಈಡಾಗುತ್ತಿದ್ದರು. ನಮ್ಮಲ್ಲಿ 1995ರ ಡಿಸೆಂಬರ್‌ನಲ್ಲಿ ಪಲ್ಸ್ ಪೋಲಿಯೊ ಶುರುವಾದ ಮೇಲೆ ಬೂತಿನ ಬ್ಯಾನರು, ಸ್ವಯಂಸೇವಕರ ಹಳದಿ ಟೊಪ್ಪಿ, ಅಂಗಿ ಇವಕ್ಕೆಲ್ಲ ಕ್ಲಬ್ಬುಗಳ ದುಡ್ಡು ಹೋಯಿತು. ಪ್ರಚಾರದ ಖರ್ಚೇ, ಅನುಮಾನವಿಲ್ಲ. ಆದರೆ ಆ ಹಳದಿ ಬಟ್ಟೆಯಲ್ಲಿ ತಾಯಂದಿರು ಹುಡುಕುತ್ತಿದ್ದದ್ದು ಒಂದು ಭಾನುವಾರದ ತಾರೀಕು. ಉತ್ತರ ಪ್ರದೇಶದಲ್ಲಿ ಕೆಲವು ಕಡೆ ಲಸಿಕೆಯ ಬಗ್ಗೆ ಅನುಮಾನ ಹಬ್ಬಿದಾಗ ಬ್ಯಾನರು ಸಾಲದೆಂದು ಮುಸ್ಲಿಂ ಧರ್ಮಗುರುಗಳ ಸಮಿತಿ ಮಾಡಿ, ಅವರ ಬಾಯಿಂದ ಹೇಳಿಸಿದರು. 2009ರಲ್ಲಿ ಭಾರತದಲ್ಲಿ 741 ಪ್ರಕರಣಗಳಿದ್ದವು. ಕೊನೆಯದು 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡದ್ದು. 2014ರ ಮಾರ್ಚ್ 27ರಂದು ದೇಶ ಪೋಲಿಯೊಮುಕ್ತವೆಂದು ಪ್ರಮಾಣಪತ್ರ ಬಂತು.

ದೋಷ ಪತ್ತೆ

ಶಿಬಿರದಲ್ಲಿ ರೋಗಿಗಳಿಗಿಂತ ಸದಸ್ಯರೇ ಹೆಚ್ಚಿದ್ದಾರೆ: ಆಹ್ವಾನ ಪತ್ರಿಕೆಗೆ ಹೋದ ಹಣ ಆಟೊಗೆ ಹೋಗಿಲ್ಲ. ತಂತಿ ಬದಲಿಸಿ.

ಒಂದು ಗಾಲಿಕುರ್ಚಿಯ ಹಿಡಿಯನ್ನು ಹನ್ನೊಂದು ಮಂದಿ ಹಿಡಿದಿರುವ ಫೋಟೊ ಬಂದಿದೆ: ಕುರ್ಚಿಯಲ್ಲಿ ಕೂತವರು ಕಾಣಿಸುತ್ತಿದ್ದಾರೆಯೇ ನೋಡಿ. ಇಲ್ಲದಿದ್ದರೆ ಅಳಿಸಿ. ಕಾಣಿಸುತ್ತಿದ್ದರೆ ಅವರನ್ನು ಕೇಳಿ; ಬೇಡವೆಂದರೆ ಆಗಲೂ ಅಳಿಸಿ. ನೋಟ್‌ಬುಕ್ ಪಡೆದ ಶಾಲಾ ಮಕ್ಕಳ ವಿಷಯದಲ್ಲಿ ಕೇಳುವುದೇ ಬೇಡ, ಪುಸ್ತಕದ ಫೋಟೊ ತೆಗೆಯಿರಿ.

ದಾನಿಯೊಬ್ಬರು ತಂಗುದಾಣಕ್ಕೆ ಹಣ ಕೊಟ್ಟು ಮೂರು ತಲೆಮಾರಿನ ಹೆಸರು ಕೆತ್ತಿಸಬೇಕೆನ್ನುತ್ತಾರೆ: ಪಂಚಾಯಿತಿಯ ಒಪ್ಪಿಗೆ ಇದ್ದರೆ ಕೆತ್ತಿಸಿ. ಮಳೆಯಲ್ಲಿ ನೆನೆಯದೆ ನಿಂತವರು ಓದುತ್ತಾರೆ, ಅದು ನ್ಯಾಯವಾದ ಜಾಹೀರಾತು. ಬಸ್ ವೇಳಾಪಟ್ಟಿಗೂ ಒಂದಡಿ ಜಾಗ ಉಳಿಸಿಕೊಳ್ಳಿ.

ಸಾವಿರ ಡಾಲರ್ ಕೊಟ್ಟು ಪಾಲ್ ಹ್ಯಾರಿಸ್ ಫೆಲೊ ಅಥವಾ ಮೆಲ್ವಿನ್ ಜೋನ್ಸ್ ಫೆಲೊ ಆದ ಸದಸ್ಯರು ಪಿನ್ನು ಹಾಕಿಕೊಂಡು ಬಂದಿದ್ದಾರೆ, ಅಧ್ಯಕ್ಷರಿಗೆ ಹೊಟ್ಟೆಯುರಿ: ಇದು ಯಂತ್ರದ ದೋಷವಲ್ಲ.

ಅವಧಿ ಮುಗಿಯುವ ಮುನ್ನ

ಮೇ ತಿಂಗಳಲ್ಲಿ ಒಂದು ಹಾಳೆ ತೆಗೆದುಕೊಂಡು ಎರಡು ಕಾಲಂ ಎಳೆಯಿರಿ. ಪ್ರಚಾರಕ್ಕೆ ಎಲ್ಲಿಂದ ಎಷ್ಟು ಬಂತು, ಯಾವುದಕ್ಕೆ ಎಷ್ಟು ಹೋಯಿತು. ಕೆಳಗೆ, ಆ ಪ್ರಚಾರ ನೋಡಿ ಅಥವಾ ಕೇಳಿ ಬಂದವರು ಎಷ್ಟು ಮಂದಿ. ಶಿಬಿರದ ನೋಂದಣಿ ಚೀಟಿಯಲ್ಲಿ ‘ಯಾರು ಹೇಳಿ ಬಂದಿರಿ?’ ಎಂಬ ಒಂದು ಸಾಲು ಮೊದಲೇ ಸೇರಿಸಿದ್ದರೆ ಈ ಅಂಕಿ ಕೈಯಲ್ಲೇ ಇರುತ್ತದೆ. ಈ ಹಾಳೆಯನ್ನು ಸ್ಮರಣ ಸಂಚಿಕೆಯಲ್ಲಿ, ಸಚಿವರ ಸಂದೇಶಕ್ಕಿಂತ ಮುಂಚೆ ಬರುವ ಪುಟದಲ್ಲಿ ಅಚ್ಚು ಹಾಕಿಸಿ. ಆ ಪುಟಕ್ಕೆ ಯಾರೆಷ್ಟು ಕೊಡುತ್ತೇನೆಂದರೂ ಜಾಹೀರಾತು ತೆಗೆದುಕೊಳ್ಳಬೇಡಿ.